ಕಡ ಕೊಟ್ಟ ಹೆಸರು

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಸ್ಯಾನ್ ಬರ್ನಾರ್ಡಿನೋ ಊರಿನಲ್ಲಿ ಮೆಕ್‌ಡೊನಾಲ್ಡ್ ಸೋದರರು 1940ರಲ್ಲಿ ಉಪಾಹಾರಗೃಹವೊಂದನ್ನು ತೆರೆದರು. 1948ರಲ್ಲಿ ತಿನಿಸುಗಳ ಪಟ್ಟಿಯನ್ನು ಮೊಟಕುಮಾಡಿ, 15 ಸೆಂಟಿಗೊಂದು ಹ್ಯಾಂಬರ್ಗರನ್ನು ಕ್ಷಣಮಾತ್ರದಲ್ಲಿ ಗಿರಾಕಿಯ ಕೈಗೀಯುವ ಕ್ರಮವನ್ನು ರೂಢಿಸಿದರು. ಬಳಿಕ ಹಣ ಪಡೆದು ಹೆಸರನ್ನೂ ನಕ್ಷೆಯನ್ನೂ ಕೆಲವರಿಗೆ ಕೊಟ್ಟರಾದರೂ, ಆ ಅಡಿಗೆಮನೆಗಳತ್ತ ಕಣ್ಣಿಡುವ ಗೋಜಿಗೆ ಹೋಗಲಿಲ್ಲ. ಫಲಕ ಒಂದೇ, ಒಳಗಿನ ಪದ್ಧತಿ ಮಾತ್ರ ಆಯಾ ಒಡೆಯನ ಮರ್ಜಿ!

1954ರಲ್ಲಿ ಅಲ್ಲಿಗೆ ಬಂದವನು ಮಿಲ್ಕ್‌ಶೇಕ್ ಯಂತ್ರಗಳನ್ನು ಮಾರುತ್ತಿದ್ದ ರೇ ಕ್ರಾಕ್. ಫ್ರಾಂಚೈಸಿ ಹಂಚುವ ಹಕ್ಕು ಅವನಿಗೆ ದೊರೆಯಿತು. ಸೋದರರ ಲಿಖಿತ ಸಮ್ಮತಿಯಿಲ್ಲದೆ ಕಟ್ಟಡದ ನಕ್ಷೆಯನ್ನು ಬದಲಿಸಕೂಡದೆಂಬುದು ಕರಾರು. ಗೋಡೆಗಳನ್ನು ಕಾಯುವ ಜಾಣ್ಮೆ ಅವರಲ್ಲಿತ್ತು! ಕ್ರಾಕ್ ಕಾದದ್ದು ಬೇರೆಯನ್ನು. ಒಂದು ಪೌಂಡು ಮಾಂಸಕ್ಕೆ ಹತ್ತೇ ಬಿಲ್ಲೆ. ಆಲೂಗೆಡ್ಡೆಯ ಹೋಳು, ನೆಲದ ಶುಚಿ, ಎಲ್ಲವೂ ಎಲ್ಲೆಡೆ ಒಂದೇ ಆಗಿರಬೇಕು. ತಪ್ಪಿದರೆ ಹಿಡಿಯಲು ತಪಾಸಣೆಗಾರರು ಊರೂರು ತಿರುಗುತ್ತಿದ್ದರು.

1961ರಲ್ಲಿ 27 ಲಕ್ಷ ಡಾಲರಿಗೆ ಸೋದರರು ತಮ್ಮ ಹಕ್ಕುಗಳನ್ನೆಲ್ಲ ಅವನಿಗೇ ಮಾರಿದರು. ಮೊದಲ ಅಂಗಡಿಯೇನೋ ಅವರಲ್ಲಿಯೇ ಉಳಿಯಿತು; ಆದರೆ ಅದರ ಮೇಲೆ ಸ್ವಂತ ಹೆಸರನ್ನು ಬರೆಸುವ ಅಧಿಕಾರ ಅವರಿಗಿರಲಿಲ್ಲ. ಹಳೆಯ ಫಲಕ ಇಳಿದು 'ಬಿಗ್ ಎಂ' ಎಂಬುದು ಏರಿತು. ಹುಟ್ಟುಹೆಸರಿನ ಫಲಕ ಹೊತ್ತ ಹೊಸ ಅಂಗಡಿಯನ್ನು ಕ್ರಾಕ್ ಸಮೀಪದಲ್ಲಿಯೇ ತೆರೆದನು. ಕೆಲವು ವರ್ಷಗಳಲ್ಲಿ 'ಬಿಗ್ ಎಂ' ಬಾಗಿಲು ಮುಚ್ಚಿತು.