ಪಾಠಕ್ಕೊಂದು ಸನ್ಮಾನ

ರಾಧಾಕೃಷ್ಣನ್ ಅವರು ೧೯೨೧ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲುನಿಲ್ದಾಣದವರೆಗೆ ಎಳೆದರು. ಆ ಪ್ರಶಸ್ತಿಗೆ ಅರ್ಜಿಯೂ ಇರಲಿಲ್ಲ, ಆಯ್ಕೆಸಮಿತಿಯೂ ಇರಲಿಲ್ಲ.

ಶಾಲೆಯ ಉಪಾಧ್ಯಾಯರಿಗೆ ೧೯೫೮ರಿಂದ ಸಲ್ಲುತ್ತಿದ್ದ ರಾಷ್ಟ್ರಪ್ರಶಸ್ತಿಯು ೨೦೨೩ರಲ್ಲಿ ಉನ್ನತ ಶಿಕ್ಷಣದ ಅಧ್ಯಾಪಕರಿಗೂ ದೊರೆಯಿತು. ಆ ವರ್ಷ ಹದಿಮೂವರು ಅದನ್ನು ಪಡೆದರು. ಸಂತೋಷದ ಸಂಗತಿ. ಸಂಶೋಧನ ಪ್ರಬಂಧಗಳನ್ನು ಎಣಿಸುವುದು ಸುಲಭ. ಪಾಠವನ್ನು ಅಳೆಯುವುದು ಕಷ್ಟ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ಬೆಲೆ ಕಟ್ಟುತ್ತಾರೆ. ಪಾಠದ ನೂಲು ಬಿಚ್ಚಿಕೊಳ್ಳುವುದಾದರೋ ಶಿಷ್ಯನ ಬಾಳಿನಲ್ಲಿ, ಅದೂ ಎಷ್ಟೋ ವರ್ಷಗಳ ಮೇಲೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದವರು. ಭೌತಶಾಸ್ತ್ರದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ದುಡಿದರೂ ಬಾಳಿನ ಬಹುಕಾಲ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಇದ್ದರು. ೧೯೮೪ರಲ್ಲಿ ಪದ್ಮಭೂಷಣ ಬಂದಿತು. ಆದರೆ ನಮ್ಮ ಸೀಮೆಯ ಜನ ಅವರನ್ನು ಇಂದಿಗೂ ನೆನೆಯುವುದು, ಪ್ರಶ್ನೆ ಕೇಳುವುದನ್ನು ಕಲಿಸಿದ ಮೇಷ್ಟರೆಂದು.

ನಮ್ಮ ಕಾಲೇಜುಗಳಲ್ಲಿ ಇಂದು ಪಾಠದ ಹೊರೆಯ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಪಕ್ಕದ ಕೋಣೆಯಲ್ಲಿ ಅಂಥವರೊಬ್ಬರು ಪಂಪನನ್ನು ಪಾಠ ಹೇಳುವ ದನಿಗೆ, ಖಾಯಂ ಹುದ್ದೆಯ ನಾನು ಎಷ್ಟೋ ಸಲ ನನ್ನ ಪಾಠವನ್ನು ನಿಲ್ಲಿಸಿ ಕಿವಿಗೊಟ್ಟಿದ್ದೇನೆ. ಯಾವ ಪಟ್ಟಿಯಲ್ಲಿಯೂ ಅವರ ಹೆಸರು ಬಂದುದನ್ನು ಕಾಣೆ.

ಸನ್ಮಾನ ಸಲ್ಲಲಿ, ಹುದ್ದೆಗಲ್ಲ, ಪಾಠಕ್ಕೆ. ಅರ್ಜಿ ಕರೆಯುವ ಬದಲು ಹತ್ತು ವರ್ಷ ಹಿಂದಿನ ಶಿಷ್ಯರನ್ನು ಕೇಳಲಿ. ನಮ್ಮ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೇ ಇದಕ್ಕೆ ಮೊದಲಾಗಲಿ. ಸಾರೋಟನ್ನು ಎಳೆಯಬಲ್ಲ ಕೈಗಳು ಚಿಂತಾಮಣಿಯಲ್ಲಿಯೂ ಚಿಕ್ಕಬಳ್ಳಾಪುರದಲ್ಲಿಯೂ ಉಂಟು.