ತಾತ್ಕಾಲಿಕವೆಂಬ ನೌಕರಿ

ಹತ್ತು ವರ್ಷ ನಡೆದ ಕೆಲಸವನ್ನು ತಾತ್ಕಾಲಿಕವೆನ್ನಬಹುದೆಂದು ಯಾವ ನಿಘಂಟಿನಲ್ಲಿ ಹೇಳಿದೆಯೋ ನಾವರಿಯೆವು. ಸರ್ಕಾರದ ಕಚೇರಿಗಳಲ್ಲಂತೂ ಇದೇ ರೂಢಿಯಾಗಿದೆ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರ ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2006ನೆಯ ಏಪ್ರಿಲಿನಲ್ಲಿ ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಬಹಿರಂಗ ಸ್ಪರ್ಧೆಯಿಲ್ಲದೆ ಹಿಂಬಾಗಿಲಿನಿಂದ ಬಂದವರಿಗೆ ಕಾಯಮಾಗುವ ಹಕ್ಕಿಲ್ಲವೆಂದರು. ಈ ತತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಪರೀಕ್ಷೆಗೆಂದು ಓದಿ ಕಾದಿರುವ ಬಡವನ ಮಗನಿಗೂ ಆ ಹುದ್ದೆಯಲ್ಲಿ ಪಾಲುಂಟಷ್ಟೆ. ಆದರೆ ಮಂಜೂರಾದ ಖಾಲಿ ಹುದ್ದೆಗಳಲ್ಲಿ ನ್ಯಾಯಾಲಯದ ಆಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಕಾಯಂ ಮಾಡುವ ಏರ್ಪಾಡನ್ನು ಆರು ತಿಂಗಳೊಳಗೆ ಆರಂಭಿಸತಕ್ಕದ್ದೆಂದೂ, ಖಾಲಿ ಹುದ್ದೆಗಳನ್ನು ಕ್ರಮವಾಗಿ ತುಂಬತಕ್ಕದ್ದೆಂದೂ ಅದೇ ತೀರ್ಪು ವಿಧಿಸಿತ್ತು. ಅಧಿಕಾರಿವರ್ಗದವರು ಮೊದಲನೆಯ ಭಾಗವನ್ನು ಕಂಠಪಾಠ ಮಾಡಿ, ಎರಡನೆಯದನ್ನು ಕಡತದಲ್ಲಿ ಕಟ್ಟಿಟ್ಟರು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಬಹುಕಾಲ ಕಸಗುಡಿಸಿ 2018ರಲ್ಲಿ ಹೊರಹಾಕಲ್ಪಟ್ಟವರನ್ನು ಮರಳಿ ತೆಗೆದುಕೊಳ್ಳಬೇಕೆಂದು 2024ರ ಡಿಸೆಂಬರಿನಲ್ಲಿ ಆಜ್ಞಾಪಿಸುವಾಗ, ಹಳೆಯ ತೀರ್ಪನ್ನು ನೌಕರರ ಮೇಲೆ ಆಯುಧವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಗುತ್ತಿಗೆದಾರನಿಂದ ಆಳುಗಳನ್ನು ಪಡೆದರೆ ವೆಚ್ಚ ಕಡಿಮೆಯೆಂಬರು. ಗುತ್ತಿಗೆದಾರನ ಲಾಭವು ಆಕಾಶದಿಂದ ಉದುರುವುದೇ? ನಾಳೆ ಇರುವೆನೋ ಇಲ್ಲವೋ ಎಂದು ಅಂಜುವವನು ಇಲಾಖೆಯ ಕೆಲಸವನ್ನು ಮನಸ್ಸಿಟ್ಟು ಕಲಿಯುವುದಾದರೂ ಹೇಗೆ? ಪ್ರತಿಯೊಂದು ಇಲಾಖೆಯೂ ವರ್ಷಪೂರ್ತಿ ನಡೆಯುವ ಕೆಲಸಗಳ ಪಟ್ಟಿಯನ್ನು ಪ್ರಕಟಿಸಿ, ಅವಕ್ಕೆ ಹುದ್ದೆಗಳನ್ನು ಮಂಜೂರು ಮಾಡಿಸಿ, ಪರೀಕ್ಷೆಗಳನ್ನು ಕಾಲಕಾಲಕ್ಕೆ ನಡೆಸಲಿ. ದುಡಿದ ವರ್ಷಗಳಿಗೂ ಅಂಕ ಕೊಡಲಿ. ಮುಂದಿನ ಆಯವ್ಯಯದಲ್ಲಿಯೇ ಇದಕ್ಕೆ ಹಣವಿಡಬೇಕೆಂದು ಸರ್ಕಾರದವರನ್ನು ಒತ್ತಾಯಪಡಿಸುತ್ತೇವೆ.