ಮಾರ್ಕು ಬಿಡಿ, ಕ್ಯೂ ನೋಡಿ

ನೀಟ್ ರಿಸಲ್ಟ್ ಬಂದರೆ ಸಾಕು, ನಮ್ಮ ಹುಡುಗ ಹುಡುಗಿಯರು ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ಇಷ್ಟು ಮಾರ್ಕಿಗೆ ಸೀಟು ಸಿಗುತ್ತಾ?"

ಬರೀ ಮಾರ್ಕು ನೋಡಿ ಯಾರೂ ಹೇಳೋಕಾಗಲ್ಲ. 2024ರ ಮೊದಲ ಫಲಿತಾಂಶದಲ್ಲಿ 67 ಜನಕ್ಕೆ 720ಕ್ಕೆ 720 ಬಂದಿತ್ತು. 2025ರಲ್ಲಿ ದೇಶಕ್ಕೇ ಮೊದಲು ಬಂದವರಿಗೆ 686. ಹೋದ ವರ್ಷದ ಕಟ್‌ಆಫ್ ಮಾರ್ಕು ಹಿಡ್ಕೊಂಡು ಈ ವರ್ಷ ಕುಣಿಯೋದೂ ಬೇಡ, ಅಳೋದೂ ಬೇಡ. ಬ್ಯಾಂಕಲ್ಲಿ ಟೋಕನ್ ತಗೊಂಡ ಹಾಗೆ ಲೆಕ್ಕ ಹಾಕಿ: ನಾನು ಯಾವ ಕ್ಯೂನಲ್ಲಿದ್ದೀನಿ, ನನ್ನ ಮುಂದೆ ಎಷ್ಟು ಜನ?

ತಮಿಳುನಾಡಿನ ಸರ್ಕಾರಿ ಕಾಲೇಜುಗಳ ಎಂಬಿಬಿಎಸ್, ಬಿಡಿಎಸ್ ಸೀಟಲ್ಲಿ 15% ಅಖಿಲ ಭಾರತ ಕೋಟಾ, ಉಳಿದ 85% ರಾಜ್ಯದ್ದು. ರಾಜ್ಯದ ಪಾಲಲ್ಲಿ 31% ಓಪನ್, 26.5% ಬಿಸಿ. ದೇವಾಂಗರು, ಒಕ್ಕಲಿಗರು ಇಲ್ಲಿ ಬಿಸಿ ಪಟ್ಟಿಯಲ್ಲಿದ್ದಾರೆ. ರ‍್ಯಾಂಕ್ ಪಟ್ಟಿಯಲ್ಲಿ ನಿಮ್ಮ ಕಮ್ಯುನಿಟಿ ರ‍್ಯಾಂಕ್ ನೋಡಿ. ಆಮೇಲೆ ಹೋದ ವರ್ಷದ ಅಲಾಟ್‌ಮೆಂಟ್ ಪಟ್ಟಿ ತೆಗೆದು, ಕೊನೇ ಸರ್ಕಾರಿ ಸೀಟು ಯಾವ ರ‍್ಯಾಂಕಿಗೆ, ಎಷ್ಟನೇ ರೌಂಡಲ್ಲಿ ಹೋಯ್ತು ಅಂತ ಬರ್ಕೊಳ್ಳಿ. ಎಂಬಿಬಿಎಸ್‌ಗೆ ಬೇರೆ, ಬಿಡಿಎಸ್‌ಗೆ ಬೇರೆ. ಅದರ ಒಳಗಿದ್ರೆ ಧೈರ್ಯವಾಗಿರಿ. ಅಂಚಲ್ಲಿದ್ರೆ ಕೊನೇ ರೌಂಡ್ ತನಕ ಕಾಯಿರಿ. ತುಂಬ ದೂರ ಇದ್ರೆ ಬೇರೆ ಕೋರ್ಸ್ ಈಗಲೇ ನೋಡಿ. "ಸೀಟು ಗ್ಯಾರಂಟಿ" ಅನ್ನೋ ಏಜೆಂಟ್ ಮಾತು ಕೇಳಿ ಅಪ್ಪನ ಹತ್ರ ಸಾಲ ಮಾಡಿಸಬೇಡಿ.

ಚಾಯ್ಸ್ ತುಂಬುವಾಗ ಕೊಯಮತ್ತೂರು, ತಿರುಪ್ಪೂರು ಮಾತ್ರ ಹಾಕಿ ಕೂರಬೇಡಿ. ಈ ಎರಡೂ ಜಿಲ್ಲೆಯಲ್ಲಿ ಸರ್ಕಾರಿ ಡೆಂಟಲ್ ಕಾಲೇಜೇ ಇಲ್ಲ.

ಇನ್ನೊಂದು ಕ್ಯೂ ಇದೆ. 6ರಿಂದ 12ನೇ ಕ್ಲಾಸ್ ತನಕ ಸರ್ಕಾರಿ ಶಾಲೆಯಲ್ಲೇ ಓದಿದವರಿಗೆ 2020ರ ಕಾನೂನಿನಂತೆ 7.5% ಸೀಟು, ಪ್ರತ್ಯೇಕ ಪಟ್ಟಿ, ಫೀಸೂ ಸರ್ಕಾರದ್ದೇ. ಕೋಚಿಂಗ್ ಆಸೆಗೆ 11ನೇ ಕ್ಲಾಸಿಗೆ ಪ್ರೈವೇಟ್‌ಗೆ ಸೇರಿದ್ರೆ ಈ ಕ್ಯೂನಿಂದ ಹೊರಗೆ. ಹತ್ತನೇ ಕ್ಲಾಸಲ್ಲಿರೋ ತಮ್ಮ ತಂಗಿಯರ ಮನೆಯಲ್ಲಿ ಇದನ್ನ ಇವತ್ತೇ ಹೇಳಿ.

"ನಾವು ಕನ್ನಡದವರು, ಕರ್ನಾಟಕದಲ್ಲಿ ಸಿಗುತ್ತೆ" ಅಂತ ನಂಬಿದವರೂ ಇದ್ದಾರೆ. ಕೆಇಎ ನಿಯಮದ ಗಡಿನಾಡು ಪಟ್ಟಿಯಲ್ಲಿರೋದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ತಮಿಳುನಾಡಿನ ಒಂದು ತಾಲ್ಲೂಕೂ ಇಲ್ಲ. ತಾಳವಾಡಿ, ಹೊಸೂರಲ್ಲಿ ಇರೋರು ಕನ್ನಡಿಗರಲ್ವಾ? ನಮಗಿರೋದು ಹೊರನಾಡು ಕನ್ನಡಿಗ ಕಲಂ ಒಂದೇ. ಅದರ ಷರತ್ತು ಬೇರೆ, ಓದಿ ಅರ್ಜಿ ಹಾಕಿ. ಅದಕ್ಕೂ ಕನ್ನಡ ಪರೀಕ್ಷೆ ಇದೆ: ನಾಲ್ಕನೇ ಕ್ಲಾಸಿನ ಮಟ್ಟ, 50ಕ್ಕೆ 12 ಬಂದ್ರೆ ಪಾಸ್. ಸುಲಭ ಅನ್ಸುತ್ತೆ. ಆದ್ರೆ ಮನೇಲಿ ದಿನಾ ಕನ್ನಡ ಮಾತಾಡಿ, ಅಕ್ಷರ ಬಾರದೆ ಇರೋ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ?

ನಮ್ಮ ತಾಲ್ಲೂಕುಗಳನ್ನೂ ಆ ಪಟ್ಟಿಗೆ ಸೇರಿಸಿ ಅಂತ ಕರ್ನಾಟಕ ಸರ್ಕಾರವನ್ನ ಕೇಳೋದು ನಮ್ಮ ಕೆಲಸ, ಕೇಳ್ತಾನೇ ಇರ್ತೀವಿ. ಅಕ್ಷರ ಕಲಿಯೋದು ನಿಮ್ಮ ಕೆಲಸ. ಇದನ್ನ ಓದೋಕೆ ಬಾರದ ಪಕ್ಕದ ಮನೆ ಮಕ್ಕಳಿಗೆ ಓದಿ ಹೇಳಿ. ಹಾಗೇ ಅ ಆ ಇ ಈ ಶುರು ಮಾಡಿಸಿ.